ಗಿಲಕಿ ಅಲ್ಲಾಡಿಸಿ ಸುಮ್ಮನಾದವಳು

ಆ ಬಳೆಗಾರ್ತಿ ಬ್ರೂಸ್‌ಪೇಟೆಯ ಓಣಿಗೆ ಕಾಲಿಟ್ಟಳೆಂದರೆ ಎಳೆಗೂಸಿರುವ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಹಾಡಹಗಲಲ್ಲಿ, ಅಂಗಡಿಗಳೆಲ್ಲ ತೆರೆದಿರುವಾಗಲೇ, ಓಣಿಯ ಎರಡೂ ಬದಿಗೆ ಅಗುಳಿ ಬೀಳುವ ಸದ್ದು ಕೇಳಿಸುತ್ತಿತ್ತು. ಆಕೆ ನಿಲ್ಲುತ್ತಿರಲಿಲ್ಲ, ಬಿರುಸಾಗಿಯೂ ನಡೆಯುತ್ತಿರಲಿಲ್ಲ. ಹೆಗಲ ಮೇಲಿನ ಬಳೆಗಳ ಮಲಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಹೋಗುತ್ತಿದ್ದಳು. ಆ ಬಾಗಿಲುಗಳಲ್ಲಿ ನಮ್ಮದೂ ಒಂದು. ಉಳಿದವರು ಬರೀ ಬಾಗಿಲು ಮುಚ್ಚಿದರು. ನಾನು ಅದಕ್ಕಿಂತ ಹೆಚ್ಚಿನದನ್ನು ಮಾಡಿದೆ.

ಹೋದ ಸೋಮವಾರ ಕುರುಗೋಡಿನಿಂದ ಬಂದ ಬಂಡಿಯವನು ಆಕೆ ತೀರಿಕೊಂಡ ಸುದ್ದಿ ಹೇಳಿದ. ಜಗಲಿಯ ಮೇಲೆ ಕೂತು ನೀರು ಕುಡಿಯುತ್ತ, ಬೇರೆ ನಾಲ್ಕು ಮಾತಿನ ನಡುವೆ ಹೇಳಿದ. ಅವನಿಗೆ ಆಕೆಯ ಹೆಸರು ಗೊತ್ತಿರಲಿಲ್ಲ. "ಬಳಿಗಾರ್ತಿ ಹೋದಳ್ರಿ" ಎಂದ, ಅಷ್ಟೇ. ನನಗೂ ಗೊತ್ತಿಲ್ಲ. ಹದಿನೇಳು ಹದಿನೆಂಟು ವರ್ಷದ ಪರಿಚಯದಲ್ಲಿ ಒಮ್ಮೆಯೂ ಕೇಳಲಿಲ್ಲ. ಹಾಗಾಗಿ ಇಲ್ಲಿಯೂ ಆಕೆಗೆ ಹೆಸರಿಲ್ಲ.

ನಾನು ಬಳ್ಳಾರಿಯ ಒಂದು ಸರಕಾರಿ ಶಾಲೆಯಲ್ಲಿ ಮೇಷ್ಟ್ರು. ನಮ್ಮದು ಮೂಲದಲ್ಲಿ ಸಿರುಗುಪ್ಪದ ಮನೆತನ. ನೌಕರಿಗಾಗಿ ತಾಯಿ ಮತ್ತು ಹೆಂಡತಿಯನ್ನು ಕರೆದುಕೊಂಡು ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದೆ. ನನ್ನ ಹೆಂಡತಿ ಮೊದಲ ಸಲ ಬಸುರಿಯಾದಾಗ ಏಳನೆಯ ತಿಂಗಳಲ್ಲಿ ಹಸಿರು ಬಳೆ ಇಡಲು ಬಂದವಳು ಈಕೆ. ಆಗ ಆಕೆಗೆ ನಲವತ್ತೈದರ ಸುಮಾರು ಇರಬೇಕು. ಎತ್ತರದ ಹೆಂಗಸು. ಮಾತು ಕನ್ನಡ, ಮುದ್ದು ತೆಲುಗು: ಕೂಸನ್ನು ಕಂಡರೆ "ಏಮಿ ನಾಯನಾ" ಎಂದು ಬಗ್ಗುತ್ತಿದ್ದಳು. ಬಸುರಿಯರ ಕೈಗೆ ಬಳೆ ತೊಡಿಸಿದ ಮನೆಗೆ ಹೆರಿಗೆಯಾದ ಮೇಲೆ ಮತ್ತೆ ಬರುವುದು, ಕೂಸಿಗೆ ಕರಿಬಳೆ ಹಾಕುವುದು, ಜೊತೆಗೆ ತಾನೇ ಮಾಡಿದ ಒಂದು ಆಟಿಗೆಯನ್ನು ಕೊಡುವುದು ಆಕೆಯ ಪದ್ಧತಿ. ಅದನ್ನು ಯಾರೂ ಕೇಳಿರುತ್ತಿರಲಿಲ್ಲ. ಕೊಟ್ಟ ಮೇಲೆ ಮಾತ್ರ ಪಕ್ಕದ ಮನೆಯವರೂ ಬಂದು, "ನಮ್ಮಕ್ಕನ ಮಗಳ ಕೂಸಿಗೆ ಏನು ಒಯ್ಯಬೇಕು?" ಎಂದು ಕೇಳುತ್ತಿದ್ದರು.

ಹಾಗೆ ಕೇಳಿದವರಿಗೆ ಆಕೆ ಕೂಸಿಗೆ ಎಷ್ಟು ತಿಂಗಳು ಎಂದು ಕೇಳುತ್ತಿರಲಿಲ್ಲ.

"ಕುತ್ತಿಗಿ ನಿಂತೈತೇನ್ರಿ?" ಎನ್ನುತ್ತಿದ್ದಳು. "ಬೋರಲ ಬಿದ್ದೈತೇನ್ರಿ? ಈ ಕೈಯಾಗಿಂದು ಆ ಕೈಗೆ ದಾಟಸ್ತೈತೇನ್ರಿ?"

ಗೊತ್ತಿಲ್ಲ ಎಂದವರನ್ನು ಹಾಗೇ ವಾಪಸ್ಸು ಕಳಿಸುತ್ತಿದ್ದಳು. "ಹೋಗಿ ಒಂದಿನ ಕೂಸಿನ ಮುಂದ ಕುಂತು ನೋಡಿ ಬರ್ರಿ. ಆಮ್ಯಾಲೆ ಹೇಳ್ತೀನಿ."

ಇನ್ನೂ ಕೈಕಾಲು ಬಡಿಯುವ ಕೂಸಿಗೆ ಕೆಂಪು ನೂಲಿನ ಗೊಂಡೆ. ಕುತ್ತಿಗೆ ನಿಂತ ಮೇಲೆ ಸಣ್ಣ ಒಣ ಸೋರೆಬುರುಡೆಯೊಳಗೆ ಬೀಜ ಹಾಕಿದ ಗಿಲಕಿ. ಹಲ್ಲು ಕಡಿಯುವಾಗ ಬೇವಿನ ಕಟ್ಟಿಗೆಯ ಬಳೆ. ಕೂತ ಮೇಲೆ ಒಂದರೊಳಗೊಂದು ಸೇರುವ ಕರಟಗಳು. ನಿಂತ ಮೇಲೆ ತಳ್ಳುವ ಬಂಡಿ. ಯಾವುದನ್ನು ಕೊಡುವ ಮುಂಚೆಯೂ ಅದನ್ನು ತನ್ನ ಬಾಯಿಗೆ ಹಾಕಿಕೊಂಡು, ತುಟಿಯಿಂದ ಅಂಚು ಸವರಿ, ನೀರಲ್ಲಿ ತೊಳೆದು ಒರೆಸುತ್ತಿದ್ದಳು. ನಮ್ಮ ತಾಯಿ ಮಡಿ ಹೆಂಗಸು. ಅದನ್ನು ನೋಡಿ ಮುಖ ಕಿವುಚಿದಾಗ ಆಕೆ ಹೇಳಿದ್ದು ನೆನಪಿದೆ: "ಕೂಸು ಮೊದಲು ಬಾಯಿಲೇ ನೋಡ್ತೈತ್ರಿ ಅಮ್ಮಾರ. ನಾವೂ ಬಾಯಿಲೇ ನೋಡಿ ಕೊಡಬೇಕು."

ಹತ್ತಿ ವ್ಯಾಪಾರ ಮಾಡುವ ಒಬ್ಬ ಸಾಹುಕಾರರು ಐದು ತಿಂಗಳ ಮೊಮ್ಮಗನಿಗೆಂದು ಮದ್ರಾಸಿನಿಂದ ರೈಲಿನಲ್ಲಿ ಒಂದು ತಗಡಿನ ಕೋತಿಯನ್ನು ತರಿಸಿದ್ದರು. ಕೀಲಿ ಕೊಟ್ಟರೆ ಅದು ತಲೆ ತಿರುಗಿಸಿ ತಾಳ ಬಡಿಯುತ್ತಿತ್ತು. ಓಣಿಗೆ ಓಣಿಯೇ ಅದನ್ನು ನೋಡಲು ಹೋಗಿತ್ತು. ಕೂಸು ಮಾತ್ರ ಕಿರುಚಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಬಳೆಗಾರ್ತಿ ಕೋತಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ತನ್ನ ಗಂಟಿನಿಂದ ನಾಲ್ಕು ಕಡೆ ಗಂಟು ಹಾಕಿದ ಹಳೇ ಬಟ್ಟೆಯ ತುಂಡೊಂದನ್ನು ತೆಗೆದು, ಕೂಸಿನಿಂದ ಒಂದು ಗೇಣು ದೂರದಲ್ಲಿ ಇಟ್ಟು, ಕೈ ಕಟ್ಟಿ ಕೂತಳು. ಕೂಸು ಅತ್ತು ಮುಗಿಸಿತು, ನೋಡಿತು, ಕೈ ಚಾಚಿತು. ಸಾಹುಕಾರರು ತುಸು ಮುನಿದು, "ನಮ್ಮ ಸಾಮಾನಿಗೇನು ಕಮ್ಮಿ ಆತು?" ಎಂದರು.

"ಏನೂ ಕಮ್ಮಿ ಇಲ್ರಿ. ಎಲ್ಲಾ ಅದ ಆಡ್ತೈತಿ, ಕೂಸಿಗೆ ಆಡಾಕ ಏನೂ ಉಳದಿಲ್ಲ" ಎಂದಳು.

ಆಟಿಗೆಯನ್ನು ಎಂದೂ ಕೂಸಿನ ಕೈಯಲ್ಲಿ ಇಡುತ್ತಿರಲಿಲ್ಲ. ಒಂದು ಗೇಣು ದೂರ ಇಟ್ಟು ಕಾಯುತ್ತಿದ್ದಳು. ಆ ಕಾಯುವಾಗಿನ ಆಕೆಯ ನೋಟವನ್ನು ಕಂಡವರು ಮರೆಯುವುದು ಕಷ್ಟ. ತಲೆ ತುಸು ಒಂದು ಬದಿಗೆ ವಾಲುತ್ತಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಕೂಸು ಕೈ ಚಾಚಿದರೆ ನಗುತ್ತಿದ್ದಳು, ಬಳೆಗಳೆಲ್ಲ ಅಲ್ಲಾಡುವಂತೆ. ಕೆಲವು ಸಲ ನಗುತ್ತಿರಲಿಲ್ಲ.

ಮೊದಲು ಅದನ್ನು ಗಮನಿಸಿದ್ದು ಎಣ್ಣೆ ಅಂಗಡಿಯವರ ಮನೆಯಲ್ಲಿ. ಮೂರು ತಿಂಗಳ ಹೆಣ್ಣುಕೂಸಿನ ಮುಖದ ಮೇಲೆ ಕೆಂಪು ಗೊಂಡೆಯನ್ನು ಎಡಕ್ಕೆ ಒಯ್ದಳು, ಬಲಕ್ಕೆ ಒಯ್ದಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಇನ್ನೊಮ್ಮೆ ಒಯ್ದಳು. ಆಮೇಲೆ ಸುಮ್ಮನಾದಳು. ಬಾಣಂತಿಗೆ ಬಳೆ ಇಡುವುದನ್ನೂ ಮರೆತು ಮಲಾರ ಎತ್ತಿಕೊಂಡು ಹೊರಟುಬಿಟ್ಟಳು. ಆರು ತಿಂಗಳಿಗೆ ಕೂಸಿಗೆ ಕಣ್ಣಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಮುಂದಿನ ವರ್ಷ ರೂಪನಗುಡಿಯಲ್ಲಿ ಒಂದು ಗಂಡುಕೂಸಿನ ಮುಂದೆ ಹಾಗೇ ಸುಮ್ಮನಾದಳಂತೆ. ಅದು ಕರಟಗಳನ್ನೆಲ್ಲ ಒಂದೇ ಕೈಯಿಂದ ಎತ್ತಿತ್ತು. ನಡೆಯುವ ಹೊತ್ತಿಗೆ ಆ ಮಗುವಿನ ಇನ್ನೊಂದು ಕೈ ಜೋತುಬಿದ್ದಿತ್ತು.

ಹೆಂಗಸರು ನೀರು ಸೇದುವ ಬಾವಿಯ ಹತ್ತಿರ ಮಾತಾಡಿಕೊಂಡರು. "ಆಕಿ ನಕ್ಕರ ಕೂಸು ಉಳೀತು. ಸುಮ್ಮನಾದ್ರ ಮುಗೀತು" ಎಂದರು. ಒಂದೆರಡು ವಾರದಲ್ಲಿ ಅದು ಇನ್ನೊಂದು ರೂಪ ತಾಳಿತು: ಆಕೆ ಸುಮ್ಮನಾಗುವುದರಿಂದಲೇ ಹಾಗಾಗುತ್ತದೆ. ಆಕೆಯ ಕಣ್ಣಲ್ಲೇ ಏನೋ ಇದೆ.

ನಮ್ಮ ಮಗ ಹುಟ್ಟಿದ್ದು ಆ ಮಾತು ಹಬ್ಬುತ್ತಿದ್ದಾಗ. ಅವನಿಗಿಂತ ಮುಂಚೆ ಎರಡು ಕೂಸುಗಳನ್ನು ನಾವು ಕಳೆದುಕೊಂಡಿದ್ದೆವು. ನನ್ನ ತಾಯಿಗೆ ಬಳೆಗಾರ್ತಿಯನ್ನು ಒಳಗೆ ಬಿಡುವ ಮನಸ್ಸಿರಲಿಲ್ಲ. ಹೆಂಡತಿ ಹಟ ಹಿಡಿದಳು: "ನನ್ನ ಕೈಗೆ ಬಳಿ ಇಟ್ಟಾಕಿ ಆಕಿ. ಕೂಸಿಗೂ ಆಕಿನೇ ಇಡಬೇಕು." ಬಂದಳು. ಕೆಂಪು ಗೊಂಡೆಯನ್ನು ಆಡಿಸಿದಳು. ಮಗ ಕಣ್ಣು ಅಗಲಿಸಿ ಅದರ ಹಿಂದೆಯೇ ಹೋದ. ಆಕೆ ನಕ್ಕಳು. ನನ್ನ ತಾಯಿ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದರು.

ಐದನೆಯ ತಿಂಗಳಲ್ಲಿ ಗಿಲಕಿ ತಂದಳು. ಆ ದಿನ ರಜೆ, ನಾನು ಮನೆಯಲ್ಲೇ ಇದ್ದೆ. ಕೂಸನ್ನು ಹೆಂಡತಿಯ ತೊಡೆಯ ಮೇಲೆ ಕೂರಿಸಿ, ತಾನು ಹಿಂದೆ ಕೂತು, ಎಡಗಿವಿಯ ಬಳಿ ಗಿಲಕಿ ಅಲ್ಲಾಡಿಸಿದಳು. ಮಗ ತನ್ನ ಕಾಲ್ಬೆರಳನ್ನು ಹಿಡಿದುಕೊಂಡು ಆಡುತ್ತಿದ್ದ. ಬಲಗಡೆ ಅಲ್ಲಾಡಿಸಿದಳು. ಮಗ ಬೆರಳನ್ನು ಬಾಯಿಗೆ ಒಯ್ದ. ತಲೆಯ ಹಿಂದೆ, ಜೋರಾಗಿ ಅಲ್ಲಾಡಿಸಿದಳು. ಆಮೇಲೆ ಗಿಲಕಿಯನ್ನು ಅವನ ಮುಂದೆ ಹಿಡಿದಳು. ಅವನು ನಕ್ಕು ಕೈ ಚಾಚಿದ. ಆಕೆ ನಗಲಿಲ್ಲ.

ನನ್ನ ತಾಯಿ ಬಾಗಿಲಲ್ಲಿ ನಿಂತಿದ್ದರು.

"ಏನೇ, ಯಾಕ ಸುಮ್ಮನಾದಿ? ಬಾಯಿ ಬಿಟ್ಟು ಹೇಳು" ಎಂದರು.

"ಏನಿಲ್ರಿ ಅಮ್ಮಾರ. ಒಂದು ತಿಂಗಳು ಬಿಟ್ಟು ಬರ್ತೀನಿ."

"ಬರೋದು ಬ್ಯಾಡ. ಇದ್ದದ್ದನ್ನ ಈಗ ಹೇಳು."

ಆಕೆ ನನ್ನ ಕಡೆ ನೋಡಿದಳು, ಹೆಂಡತಿಯ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, ಮಲಾರ ಎತ್ತಿಕೊಂಡು ಹೋದಳು.

ನಾನು ಓದಿದವನು. ಇದೆಲ್ಲ ಹೆಂಗಸರ ಮಾತು ಎಂದು ನಕ್ಕೆ. ಮಂಚದ ಮೇಲೆ ಮಗನನ್ನು ಮಲಗಿಸಿ, ಅವನಿಗೆ ಕಾಣದ ಹಾಗೆ ಹಿತ್ತಾಳೆಯ ತಂಬಿಗೆಯನ್ನು ಮಂಚದ ಹಲಗೆಗೆ ಕುಟ್ಟಿದೆ. ಅವನು ಬೆಚ್ಚಿ ಕೈಕಾಲು ಒದರಿದ. "ನೋಡ್ರಿ! ಕೇಳಸ್ತದ!" ಎಂದು ಕೂಗಿದೆ. ಮೂವರೂ ನಕ್ಕೆವು, ನಗುತ್ತಲೇ ಹೆಂಡತಿ ಅತ್ತುಬಿಟ್ಟಳು. ಹಲಗೆ ನಡುಗಿದ್ದಕ್ಕೆ ಅವನು ಬೆಚ್ಚಿದ್ದು ಎಂಬುದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಒಪ್ಪುತ್ತಿರಲಿಲ್ಲವೇನೋ. ತಿಂಗಳು ಬಿಟ್ಟು ಬಳೆಗಾರ್ತಿ ಬಂದಾಗ ನನ್ನ ತಾಯಿ ಬಾಗಿಲು ತೆರೆಯಲಿಲ್ಲ.

ಎರಡು ವಾರದ ನಂತರ ಮದುವೆಯ ಮೆರವಣಿಗೆಯೊಂದು ನಮ್ಮ ಓಣಿಯಲ್ಲಿ ಬಂತು. ಮಧ್ಯಾಹ್ನದ ಹೊತ್ತು. ನಾವು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆವು. ಮಗ ತಾಯಿಯ ಹೆಗಲ ಮೇಲಿದ್ದ. ನಮ್ಮ ಮನೆಯ ಮುಂದೆಯೇ ಮದ್ದು ತುಂಬಿದ ಕಬ್ಬಿಣದ ಕದಿನಿಯನ್ನು ಢಂ ಎಂದು ಹಾರಿಸಿದರು. ಮಾಳಿಗೆಯ ಪಾರಿವಾಳಗಳೆಲ್ಲ ಎದ್ದವು, ಎದುರು ಮನೆಯ ಕೂಸು ಬಿಕ್ಕಿ ಬಿಕ್ಕಿ ಅತ್ತಿತು, ಎತ್ತುಗಳು ಹಗ್ಗ ಜಗ್ಗಿದವು. ನಮ್ಮ ಮಗ ತಾಯಿಯ ಕಿವಿಯ ಓಲೆಯನ್ನು ಬೆರಳಿಂದ ತಿರುಗಿಸುತ್ತ, ತನ್ನಷ್ಟಕ್ಕೆ ತಾನು ಆಡುತ್ತಲೇ ಇದ್ದ. ನನ್ನ ಹೆಂಡತಿ ನನ್ನನ್ನು ನೋಡಿದಳು. ಮೆರವಣಿಗೆ ಮುಂದೆ ಹೋಯಿತು.

ನನಗೆ ಆ ದಿನ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಯಾರ ಮೇಲಾದರೂ ಅದನ್ನು ಹಾಕಲೇಬೇಕಿತ್ತು. ಮರುದಿನ ಪೇಟೆಯ ಹಿರಿಯರಿಗೆ ಒಂದು ಅರ್ಜಿ ಬರೆದೆ. ಇಂಥ ಬಳೆಗಾರ್ತಿಯ ದೃಷ್ಟಿಯಿಂದ ಮೂರು ಮಕ್ಕಳಿಗೆ ಅಂಗಹೀನತೆ ಬಂದಿರುವುದರಿಂದ ಆಕೆ ಇನ್ನು ಮುಂದೆ ಪೇಟೆಯೊಳಗೆ ಕಾಲಿಡಕೂಡದು, ವರ್ತಕರು ಆಕೆಗೆ ಬಳೆ ಕೊಡಕೂಡದು ಎಂದು. ಬರೆದವನ ಹೆಸರು ಹಾಕಲಿಲ್ಲ. ಹನ್ನೊಂದು ಮಂದಿ ಹಿರಿಯರು ರುಜು ಮಾಡಿದರು. ನನ್ನ ಭಾಷೆ ಚೆನ್ನಾಗಿದೆಯೆಂದು ಒಬ್ಬರು ಹೊಗಳಿದರು ಕೂಡ. ಅದರ ಒಂದು ನಕಲನ್ನು ನಾನೇ ಬರೆದುಕೊಟ್ಟೆ, ಆಕೆಗೆ ಮುಟ್ಟಿಸಲು.

ಮೂರನೆಯ ದಿನ ಆಕೆ ನನ್ನ ಶಾಲೆಗೆ ಬಂದಳು. ಹುಡುಗರನ್ನು ಊಟಕ್ಕೆ ಬಿಟ್ಟಿದ್ದೆ, ಕೋಣೆಯಲ್ಲಿ ನಾನೊಬ್ಬನೇ. ಆಕೆ ಹೊಸ್ತಿಲ ಹೊರಗೆ ನಿಂತು ಮಡಿಚಿದ ಕಾಗದವನ್ನು ಚಾಚಿದಳು.

"ಪ್ಯಾಟ್ಯಾಗ ಯಾರೋ ಕೊಟ್ರು. ನನಗ ಓದಾಕ ಬರಾಂಗಿಲ್ರಿ ಮೇಷ್ಟ್ರ. ಓದು ಬರೋರು ನನಗ ನೀವೊಬ್ಬರ ಗೊತ್ತು. ಏನೈತಿ ಹೇಳ್ರಿ."

ನನ್ನ ಬರಹವನ್ನು ನಾನೇ ಓದಿದೆ. ಮೊದಲ ಸಾಲಿನಿಂದ ರುಜುಗಳವರೆಗೆ, ಒಂದು ಮಾತನ್ನೂ ಬಿಡದೆ. ಬಿಟ್ಟರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ. ಆಕೆ ತಲೆ ವಾಲಿಸಿ ಕೇಳಿದಳು.

"ಯಾರು ಬರದಾರ್ರಿ?"

"ನನಗೇನು ಗೊತ್ತು?" ಎಂದೆ.

ಆಕೆ ಕಾಗದವನ್ನು ತೆಗೆದುಕೊಂಡು ಬಿಚ್ಚಿ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದಿನ ಕರಿಹಲಗೆಯನ್ನು ನೋಡಿದಳು. ಅದರ ಮೇಲೆ ಬೆಳಿಗ್ಗೆ ನಾನು ಹುಡುಗರಿಗೆ ಬರೆದುಕೊಟ್ಟ ಎರಡು ಸಾಲು ಹಾಗೇ ಇದ್ದವು. ಮತ್ತೆ ಕಾಗದ. ಮತ್ತೆ ಹಲಗೆ. ಆಕೆಗೆ ಓದಲು ಬರುತ್ತಿರಲಿಲ್ಲ, ನೋಡಲು ಬರುತ್ತಿತ್ತು. ನನ್ನ ಮುಖವನ್ನು ನೋಡಿದಳು, ಕೂಸುಗಳ ಮುಂದೆ ಕೂತು ನೋಡುತ್ತಿದ್ದಂತೆಯೇ, ರೆಪ್ಪೆ ಬಡಿಯದೆ. ಸುಮ್ಮನಾದಳು.

ಹೋಗುವಾಗ ತಿರುಗಿ ನಿಂತು ಹೇಳಿದಳು: "ಮಗನ್ನ ಹಿಂದಿನಿಂದ ಕರೀಬ್ಯಾಡ್ರಿ. ಮುಂದ ಕುಂತು, ನಿಮ್ಮ ಬಾಯಿ ಅವಗ ಕಾಣೂಹಂಗ ಮಾತಾಡ್ರಿ. ಸಪ್ಪಳದ ಸಾಮಾನು ಬ್ಯಾಡ. ತಿರಗೂದು ಕೊಡ್ರಿ, ಉರುಳೂದು ಕೊಡ್ರಿ. ಕೈಗೆ ಹತ್ತೂದು ಕೊಡ್ರಿ."

ಅದರಲ್ಲಿ ಒಂದನ್ನೂ ಮಾಡಲಿಲ್ಲ. ಆಕೆ ಹೇಳಿದ್ದೆಂಬ ಕಾರಣಕ್ಕೇ ಮಾಡಲಿಲ್ಲ. ಬಂಧುಗಳಿಗೆ ವಿಷಯ ತಿಳಿಯುತ್ತಿದ್ದಂತೆ ಬಂದವರೆಲ್ಲ ಮಗುವಿಗೆ ಉಡುಗೊರೆ ತಂದರು: ಪೀಪಿ, ಜಾಗಟೆ, ಗೆಜ್ಜೆ ಕಟ್ಟಿದ ಕುದುರೆ, ಸೀಟಿ. ಜೋರು ಸದ್ದು ಕಿವಿಯನ್ನು ತೆರೆಸೀತು ಎಂಬ ಆಸೆ. ಅವರ ಮಕ್ಕಳು ಅವನ ಹಿಂದೆ ನಿಂತು ಜಾಗಟೆ ಬಡಿಯುವರು. ಅವನು ತಿರುಗಿ ನೋಡದಿದ್ದರೆ ಇನ್ನೂ ಜೋರಾಗಿ ಬಡಿಯುವರು. ವರ್ಷವಾಯಿತು, ಎರಡಾಯಿತು. ಒಂದು ಮಾತು ಬರಲಿಲ್ಲ. ಯಾರಾದರೂ ಹೊಸಬರು ಮನೆಗೆ ಬಂದರೆ ಅವನು ಮಂಚದ ಕೆಳಗೆ ಅಡಗತೊಡಗಿದ. ಉಡುಗೊರೆ ಎಂದರೆ ಅವನಿಗೆ ಭಯ.

ಅವನಿಗೆ ಎರಡೂವರೆ ತುಂಬಿದಾಗ ಹೆಂಡತಿ ಮತ್ತೊಂದು ಹೆರಿಗೆಗೆ ತವರಾದ ಕುರುಗೋಡಿಗೆ ಹೋಗಿದ್ದಳು. ಮಗನನ್ನು ಕರೆದುಕೊಂಡು ನಾನು ಮತ್ತು ತಾಯಿ ಸಿರುಗುಪ್ಪಕ್ಕೆ ಬಂದೆವು. ಅಲ್ಲಿ ಯಾರೋ ನನ್ನ ತಾಯಿಗೆ ಹೇಳಿದರು: ಕೆಂಚನಗುಡ್ಡದಲ್ಲಿ, ನದಿಯ ದಂಡೆಯ ಹಾಳು ಗೋಡೆಗಳ ಹತ್ತಿರ ಒಬ್ಬ ಮುದುಕನಿದ್ದಾನೆ, ಕಿವಿಯ ಹಿಂದೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಾನೆ, ಹಾಕಿದ ಮಕ್ಕಳಿಗೆ ಕಿವಿ ತೆರೆದಿದೆ. ನನಗೆ ಮನಸ್ಸಿರಲಿಲ್ಲ. ಆದರೆ ಬೇಡವೆನ್ನಲು ಬದಲಿಗೆ ಹೇಳುವಂಥದ್ದೂ ನನ್ನ ಹತ್ತಿರ ಇರಲಿಲ್ಲ. "ನಿನ್ನ ಓದಿನಿಂದ ಏನಾತು ಹೇಳು" ಎಂದು ತಾಯಿ ಕೇಳಿದಾಗ ತಲೆ ತಗ್ಗಿಸಿದೆ.

ಬೆಳಿಗ್ಗೆಯೇ ಬಂಡಿ ಹೂಡಿಸಿದೆವು. ಆ ಮುದುಕ ಹೇಳಿ ಕಳಿಸಿದ್ದ ಸಾಮಾನುಗಳನ್ನು ಕೊಳ್ಳಲು ನಾನು ಸಿರುಗುಪ್ಪದ ಸಂತೆಯಲ್ಲಿ ಇಳಿದೆ: ಅರಿಶಿನ, ಕರಿಬಟ್ಟೆ, ಬೇವಿನೆಣ್ಣೆ. "ನಾವು ಮುಂದ ಹೋಗ್ತಿರ್ತೀವಿ, ಬಂದು ಕೂಡು" ಎಂದು ತಾಯಿ ಬಂಡಿ ಹೊಡೆಸಿದರು. ತಾಯಿಯ ತೊಡೆಯ ಮೇಲಿದ್ದ ಮಗ ಗಾಲಿ ತಿರುಗುವುದನ್ನು ಬಗ್ಗಿ ನೋಡುತ್ತಿದ್ದ.

ಬೇವಿನೆಣ್ಣೆಯ ಅಂಗಡಿಯ ಪಕ್ಕದಲ್ಲಿ ನೆಲದ ಮೇಲೆ ಬಳೆ ಹರಡಿಕೊಂಡು ಆಕೆ ಕೂತಿದ್ದಳು. ಬಳ್ಳಾರಿ ಬಿಟ್ಟ ಮೇಲೆ ಅಲ್ಲಿ ಸಂತೆ ಮಾಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮುಖ ತಿರುಗಿಸಿಕೊಂಡೆ. ಆದರೆ ಆಕೆ ನೋಡಿದ್ದು ನನ್ನ ಕೈಯಲ್ಲಿದ್ದುದನ್ನು. ಬಳೆಗಳನ್ನು ದಾಟಿ ಎದ್ದು ಬಂದಳು.

"ಯಾರಿಗ್ರಿ ಇದು? ಮೇಷ್ಟ್ರ, ಯಾರಿಗೆ ಬರಿ?"

ಕರಿಬಟ್ಟೆಯನ್ನು ಬೆನ್ನ ಹಿಂದೆ ಮಾಡಿದೆ.

"ಕೆಂಚನಗುಡ್ಡಕ್ಕೇನ್ರಿ?" ಎಂದಳು. ನಾನು ತಲೆಯಾಡಿಸಿದೆ. ಆಕೆಯ ಮುಖ ಕಪ್ಪಿಟ್ಟಿತು. ನನ್ನ ತೋಳನ್ನು ಹಿಡಿದಳು. ನನ್ನನ್ನು ಮುಟ್ಟಬಾರದೆಂಬುದು ಕೂಡ ಆಕೆಗೆ ಆಗ ನೆನಪಿದ್ದಂತಿರಲಿಲ್ಲ.

"ನನಗೂ ಒಂದು ಗಂಡುಕೂಸು ಇತ್ರಿ. ಕೇಳಸ್ತಿರಲಿಲ್ಲ. ನಮ್ಮ ಮನ್ಯಾಗ ನಾನ ಮೊದಲು ಕಂಡುಹಿಡದೆ, ನಾನ ಬಾಯಿ ಬಿಟ್ಟು ಹೇಳಿದೆ. ಹೇಳಿದ ಎಂಟು ದಿನಕ್ಕ ನಮ್ಮ ಅತ್ತಿ, ನನ್ನ ಗಂಡ ಅವನ್ನ ಆ ಗುಡ್ಡಕ್ಕ ಒಯ್ದ್ರು. ಎರಡೂ ಕಿವಿಗೆ ಹಾಕಿಸಿದ್ರು. ಕೀವು ಆತು, ಜ್ವರ ಬಂತು. ಹನ್ನೆರಡನೇ ದಿನಕ್ಕ ಹೋದ."

ನಾನು ನಿಂತೇ ಇದ್ದೆ.

"ಅದಕ್ಕ ಯಾರ ಮನ್ಯಾಗೂ ಹೇಳಾಂಗಿಲ್ರಿ ನಾನು. ಕಣ್ಣಿಲ್ಲ ಅಂದ್ರ ಕಣ್ಣಿಗೆ ಏನೇನೋ ಹಾಕ್ತಾರ. ಕೈ ಇಲ್ಲ ಅಂದ್ರ ಕೈಗೆ ಬರಿ ಹಾಕ್ತಾರ. ಸುಮ್ಮನ ಇದ್ರ ಕೂಸು ನಾಕು ದಿನ ಬೆಳಕೋತೈತಿ. ದೊಡ್ಡದಾದ್ರ ತಡಕೋತೈತಿ. ಅಂತ ಸುಮ್ಮನ ಎದ್ದು ಹೋಗ್ತಿದ್ದೆ." ಆಮೇಲೆ ತೋಳನ್ನು ಜಗ್ಗಿ ನೂಕಿದಳು. "ಇನ್ನೂ ನಿಂತೀರಲ್ಲ! ಓಡ್ರಿ!"

ಓಡಿದೆ. ಎಣ್ಣೆ, ಬಟ್ಟೆ ಎಲ್ಲಿ ಬಿದ್ದವೋ. ಕೆಂಚನಗುಡ್ಡದ ದಾರಿ ಎರಡು ಗಂಟೆಯ ನಡಿಗೆಗೆ ತುಸು ಕಡಿಮೆ. ಬಂಡಿ ಎಷ್ಟೋ ಮುಂದೆ ಹೋಗಿತ್ತು. ಅರ್ಧ ದಾರಿಗೆ ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನು ನಾನೇ ಎಸೆದೆ. ನದಿಯ ಕಡೆಯ ಕಾಲುದಾರಿಯಲ್ಲಿ ಜಾಲಿಯ ಮುಳ್ಳು. ಹಿಂದೆ ಎಲ್ಲೋ ಬಳೆಗಳ ಸದ್ದು ಕೇಳಿಸುತ್ತಿತ್ತು. ಆಕೆಯೂ ಓಡಿ ಬರುತ್ತಿದ್ದಳು. ಸಂತೆಯಲ್ಲಿ ಹರಡಿದ್ದ ಬಳೆಗಳನ್ನು ಹಾಗೇ ಬಿಟ್ಟು ಬಂದಿದ್ದಳು.

ಹಾಳು ಗೋಡೆಯ ಹತ್ತಿರ ಹೊಗೆ ಕಂಡಿತು. ನನಗಾಗಿ ಅವರು ಕಾಯಬೇಕಿತ್ತು. ಆದರೆ ರಾಹುಕಾಲ ಹತ್ತಿರ ಬಂತೆಂದು ಮುದುಕ ಅವಸರ ಮಾಡಿದ್ದನಂತೆ. ನನ್ನ ಮಗನ ಕೂಗು ಕೇಳಿಸಿತು. ಅವನ ಬಾಯಿಂದ ಅಂಥ ದನಿಯನ್ನು ನಾನು ಕೇಳಿರಲಿಲ್ಲ. ತನ್ನ ಕೂಗು ತನಗೇ ಕೇಳಿಸದವನು ಎಷ್ಟು ಜೋರಾಗಿ ಕೂಗಬಲ್ಲನೆಂದು ಆ ದಿನ ತಿಳಿಯಿತು. ಎಡಗಿವಿಯ ಹಿಂದೆ ಮುಗಿದಿತ್ತು. ಮುದುಕ ಕಬ್ಬಿಣವನ್ನು ಮತ್ತೆ ಕೆಂಡದೊಳಗೆ ಇಟ್ಟಿದ್ದ, ಬಲಗಿವಿಗೆ. ನಾನು ಹೋಗಿ ಕೆಂಡವನ್ನು ಕಾಲಿಂದ ಒದ್ದೆ. ಮಗನನ್ನು ಎತ್ತಿಕೊಂಡೆ. ತಾಯಿ ಏನೋ ಹೇಳುತ್ತಿದ್ದರು. ಅದು ನನಗೆ ಕೇಳಿಸಲಿಲ್ಲ.

ಬಳೆಗಾರ್ತಿ ಬಂದವಳು ಮೊದಲು ನದಿಯ ನೀರು ತಂದು ಗಾಯಕ್ಕೆ ಹನಿಸಿದಳು, ಲೋಳೆಸರವನ್ನು ಮುರಿದು ಅದರ ತಿರುಳನ್ನು ಹಚ್ಚಿದಳು. ಮಗ ಯಾರನ್ನೂ ಹತ್ತಿರ ಬಿಡದೆ ಒದ್ದಾಡುತ್ತಿದ್ದ. ಆಕೆ ಪಕ್ಕದ ಈಚಲ ಗಿಡದ ಗರಿಯೊಂದನ್ನು ಕಿತ್ತು, ಮಡಿಚಿ, ಮುಳ್ಳು ಚುಚ್ಚಿ, ಗಾಳಿಗೆ ತಿರುಗುವ ಚಕ್ರ ಮಾಡಿ ಅವನ ಮುಂದೆ ಒಂದು ಗೇಣು ದೂರದಲ್ಲಿ ನೆಲಕ್ಕೆ ನೆಟ್ಟಳು. ಕೈ ಕಟ್ಟಿ ಕೂತಳು. ಹೊಳೆಯ ಗಾಳಿಗೆ ಅದು ತಿರುಗಿತು. ಅವನು ಬಿಕ್ಕುತ್ತ ಬಿಕ್ಕುತ್ತ ಅದನ್ನು ನೋಡಿದ. ಎಷ್ಟೋ ಹೊತ್ತಿನ ಮೇಲೆ ಕೈ ಚಾಚಿದ. ನನ್ನ ತಾಯಿ ಬಂಡಿಯ ಗಾಲಿಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು.

ಗಾಯ ಕೀವಾಯಿತು. ಜ್ವರ ಬಂತು. ಸಿರುಗುಪ್ಪದ ಮನೆಯಲ್ಲಿ ನಾನು ದಿನ ಎಣಿಸಿದೆ. ಎಂಟು, ಒಂಬತ್ತು, ಹತ್ತು. ಬಳೆಗಾರ್ತಿ ದಿನವೂ ಹಿತ್ತಲಿನಿಂದ ಬಂದು ಗಾಯ ತೊಳೆದು ಹೋಗುತ್ತಿದ್ದಳು. ನನ್ನ ತಾಯಿ ಆಕೆಗೆ ಬಿಸಿನೀರು ಕಾಯಿಸಿ ಇಡುತ್ತಿದ್ದರು. ಹನ್ನೆರಡನೆಯ ದಿನ ಆಕೆ ಹೋಗಲೇ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲ ಬಳಿ ಕೂತು ಮಗನ ಎದೆ ಏರಿಳಿಯುವುದನ್ನೇ ನೋಡಿದಳು. ಹದಿನಾಲ್ಕನೆಯ ದಿನ ಜ್ವರ ಬಿಟ್ಟಿತು. ಎಡಗಿವಿಯ ಹಿಂದೆ ಕಲೆ ಉಳಿದಿದೆ, ಹುಣಿಸೆಬೀಜದಷ್ಟು.

ಬಳ್ಳಾರಿಗೆ ಮತ್ತೆ ಬರಲು ಕರೆದೆ. "ಅಲ್ಲಿ ಬಾಗಲಾ ಮುಚ್ಯಾವ್ರಿ" ಎಂದಳು. ಅವನ್ನು ತೆರೆಸುವುದು ನನ್ನಿಂದ ಆಗುತ್ತಿತ್ತು. ಹನ್ನೊಂದು ಮಂದಿ ಹಿರಿಯರ ಮನೆಗೆ ಹೋಗಿ, ನಾನು ಬರೆದದ್ದು ಸುಳ್ಳು ಎನ್ನಬೇಕಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಂಡೆ. ಹೋಗಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಈಗ ಇಬ್ಬರು ಮಾತ್ರ ಇದ್ದಾರೆ. ಅರ್ಜಿ ಇನ್ನೂ ಪೇಟೆಯ ಯಾವುದೋ ಪೆಟ್ಟಿಗೆಯಲ್ಲಿ ಇದೆ.

ಆಕೆ ಕುರುಗೋಡಿನಲ್ಲಿ ಅಣ್ಣನ ಮನೆ ಸೇರಿದಳು. ನನ್ನ ಮಾವನ ಮನೆಯೂ ಅಲ್ಲೇ ಇದ್ದುದರಿಂದ ರಜೆ ಬಂದಾಗಲೆಲ್ಲ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವನಿಗೆ ಏನು ಬೇಕೆಂದು ಆಕೆಯೇ ಆರಿಸುತ್ತಿದ್ದಳು: ಬುಗುರಿ, ಬಣ್ಣಬಣ್ಣದ ಕಾಳುಗಳನ್ನು ಬೇರೆ ಮಾಡಲು ಮಣ್ಣಿನ ಕುಡಿಕೆಗಳು, ಅಂಗೈ ಇಟ್ಟರೆ ನಡುಗುವ ಸಣ್ಣ ಡೊಳ್ಳು. ಅವನಿಗೆ ಐದಾದಾಗ ಒಂದು ದಿನ ಮರಳಿನ ಮೇಲೆ ಕೈ ತೋರಿಸಿ ನನಗೆ ಹೇಳಿದಳು: "ನಿಮ್ಮ ಅಕ್ಷರ ಬರೀರಿ ಇಲ್ಲಿ. ದೊಡ್ಡದು ಬರೀರಿ." ಬರೆದೆ. ಬಡಿಗನನ್ನು ಕರೆಸಿ ಅವನ್ನೇ ಬೇವಿನ ಹಲಗೆಯಲ್ಲಿ ಕೊರೆ ಎಂದಳು. ನನ್ನ ಮಗ ಅಕ್ಷರವನ್ನು ಮೊದಲು ಕೈಯಲ್ಲಿ ಹಿಡಿದ, ಕೆನ್ನೆಗೆ ಒತ್ತಿಕೊಂಡ, ಬಾಯಲ್ಲಿ ಇಟ್ಟು ನೋಡಿದ. ಏಳನೆಯ ವರ್ಷಕ್ಕೆ ಪಾಟಿಯ ಮೇಲೆ ತನಗೆ ಬೇಕಾದ್ದನ್ನು ಬರೆದು ತೋರಿಸತೊಡಗಿದ. ಅಕ್ಷರ ಬಾರದ ಆಕೆಯೊಂದಿಗೆ ಮಾತ್ರ ಕೈಯಿಂದ, ಮುಖದಿಂದ ಮಾತಾಡುತ್ತಿದ್ದ. ಅವರಿಬ್ಬರ ಆ ಮಾತು ನಮಗೆ ಯಾರಿಗೂ ಪೂರ್ತಿ ಬರಲಿಲ್ಲ.

ಹೋದ ತಿಂಗಳು ಆಕೆ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ಕುರುಗೋಡಿಗೆ ಹೋದೆವು. ಮಗನಿಗೆ ಈಗ ಹದಿನಾಲ್ಕು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿದ್ದಳು. ಕೈಯಲ್ಲಿ ಒಂದೂ ಬಳೆ ಇರಲಿಲ್ಲ. ಎರಡು ವರ್ಷದಿಂದ ಆಕೆಗೂ ಕಿವಿ ಕೇಳಿಸುತ್ತಿಲ್ಲವೆಂದು ಆಕೆಯ ಅಣ್ಣನ ಸೊಸೆ ಹೇಳಿದಳು. ಮಗ ಹೊರಸಿನ ಅಂಚಿನಲ್ಲಿ ಕೂತ. ಇಬ್ಬರ ಕೈಗಳೂ ಆಡತೊಡಗಿದವು. ಆಕೆಯ ಬೆರಳು ನಿಧಾನವಾಗಿ, ಅವನದು ಬೇಗ. ಒಮ್ಮೆ ನಕ್ಕರು. "ಏನು?" ಎಂದು ಕೇಳಿದೆ. ಇಬ್ಬರಿಗೂ ಕೇಳಿಸಲಿಲ್ಲ.

ಆಮೇಲೆ ಆಕೆ ನನ್ನ ಕಡೆ ಕೈ ತೋರಿಸಿ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಮಗ ನನ್ನ ಕಡೆ ತಿರುಗಿ ನೋಡಿದ, ಮತ್ತೆ ಆಕೆಯ ಕೈ ನೋಡಿದ, ಮತ್ತೆ ನನ್ನನ್ನು ನೋಡಿದ. ಹನ್ನೆರಡು ಹದಿಮೂರು ವರ್ಷ ಕಾಯುತ್ತಿದ್ದದ್ದು ಈಗ ಬಂತು, ಸಾಯುವ ಮುಂಚೆ ಹೇಳಿಬಿಟ್ಟಳು ಎಂದುಕೊಂಡೆ.

ವಾಪಸ್ಸು ಬರುವಾಗ ಬಂಡಿಯಲ್ಲಿ ಅವನ ಮುಂದೆ ಕೂತು ಕೇಳಿದೆ: "ನನ್ನ ಬಗ್ಗೆ ಏನು ಹೇಳಿದಳು?"

ಅವನು ನನ್ನ ತುಟಿ ನೋಡಿ, ಪಾಟಿ ತೆಗೆದು ಬರೆದ:

"ಅಪ್ಪ ಓಡಿದ. ಕಾಲು ತುಂಬ ಮುಳ್ಳು. ನಿಲ್ಲಲಿಲ್ಲ. ಬೆಂಕಿ ಒದ್ದ."

ಅಷ್ಟೇನಾ ಎಂದು ಕೈಯಿಂದ ಕೇಳಿದೆ. ಅಷ್ಟೇ ಎಂದ. ನಗುತ್ತಿದ್ದ. ಬಗ್ಗಿ ನನ್ನ ಅಂಗಾಲನ್ನು ಮುಟ್ಟಿ ನೋಡಿದ, ಮುಳ್ಳಿನ ಗುರುತು ಇನ್ನೂ ಇದೆಯೋ ಎಂಬಂತೆ.

ನಾನು ಪಾಟಿಯನ್ನು ತೆಗೆದುಕೊಂಡೆ. ಆ ಕಡೆ ಜಾಗವಿರಲಿಲ್ಲ, ತಿರುಗಿಸಿದೆ. ಮೆರವಣಿಗೆಯ ದಿನದಿಂದ ಶುರು ಮಾಡಿ, ಅರ್ಜಿ, ಹನ್ನೊಂದು ರುಜು, ಶಾಲೆಯ ಬಾಗಿಲಲ್ಲಿ ಆಕೆ ನಿಂತದ್ದು, ನನಗೇನು ಗೊತ್ತು ಎಂದದ್ದು, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದೆ. ಬಂಡಿಯ ಕುಲುಕಿಗೆ ಬಳಪ ಎರಡು ಸಲ ಮುರಿಯಿತು. ಬರೆದು ಅವನ ಕೈಗೆ ಕೊಟ್ಟೆ.

ಅವನು ಎರಡು ಸಲ ಓದಿದ. ಮುಖ ಎತ್ತಲಿಲ್ಲ. ಎಂದಿನಂತೆ ಅಂಗೈಯಿಂದ ಪಾಟಿ ಒರೆಸುತ್ತಾನೆಂದು ಕಾದೆ. ಒರೆಸಲಿಲ್ಲ. ಅಕ್ಷರ ಅಳಿಸದ ಹಾಗೆ ಅಂಚನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು, ಬಳ್ಳಾರಿ ಬರುವವರೆಗೂ ಹೊರಗೆ ನೋಡುತ್ತ ಕೂತಿದ್ದ. ಅದೀಗ ಅವನ ಹಾಸಿಗೆಯ ತಲೆದಿಂಬಿನ ಪಕ್ಕದ ಗೂಡಿನಲ್ಲಿದೆ. ತಿಂಗಳಾಯಿತು, ಅವನು ಬೇರೆ ಪಾಟಿಯ ಮೇಲೆ ಬರೆಯುತ್ತಿದ್ದಾನೆ.